ಪಾಗಾರದ ಆಚೆಯ ಚಿರಂಜೀವಿ

ಅಕ್ಕೋರನ್ನು ಮಣ್ಣು ಮಾಡಿದ ದಿನ ನಾನು ಹೊನ್ನಾವರ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕುಮಟೆಯಿಂದ ಹೊರಟ ಬಸ್ಸು ಹಳದೀಪುರದ ಹತ್ತಿರ ಬಿಸಿಯಾಗಿ ನಿಂತಿತು. ಕಂಡಕ್ಟರು ಯಾರದೋ ಮನೆಯ ಬಾವಿಯಿಂದ ನೀರು ತಂದು ಹೊಯ್ದ, ಡ್ರೈವರು ಮರದಡಿ ಬೀಡಿ ಸೇದಿದ, ಮತ್ತೆ ಹೊರಡಲು ಮುಕ್ಕಾಲು ತಾಸು ಹಿಡಿಯಿತು. ಬಸ್ಸಿನೊಳಗೆ ಕೂತು ಯಾರನ್ನು ಬಯ್ಯಬೇಕೆಂದು ತಿಳಿಯದೆ ನನ್ನನ್ನೇ ಬಯ್ದುಕೊಂಡೆ. ಹೂಳುವ ಜಾಗಕ್ಕೆ ಅಲ್ಲಿನ ಕ್ರಿಶ್ಚನ್ನರು ಸಿಮಿತ್ರಿ ಎನ್ನುತ್ತಾರೆ. ನಾನು ಹೋದಾಗ ಅಲ್ಲಿ ಹಸಿ ಮಣ್ಣಿನ ದಿಬ್ಬದ ಸುತ್ತ ಏಳೆಂಟು ಜನ ಉಳಿದಿದ್ದರು ಅಷ್ಟೆ.

ಅವರಲ್ಲೊಬ್ಬ ಅಕ್ಕೋರ ಹಳೆಯ ವಿದ್ಯಾರ್ಥಿ, ಈಗ ಕಚೇರಿಯಲ್ಲಿ ಗುಮಾಸ್ತ. ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತ, "ಎಂತಾ ತಾಳ್ಮೆ ಮಾಸ್ತರೇ ಅಕ್ಕೋರಿಗೆ! ಒಂದು ದಿನ ಸಿಟ್ಟು ಮಾಡ್ಕಂಡವ್ರಲ್ಲ" ಎಂದ. ನಾನು ಹೂಂ ಎಂದೆ. ಹೂಳಿದ ಜಾಗದಲ್ಲಿ ನಿಂತು ವಾದ ಮಾಡುವುದು ಚೆಂದವಲ್ಲ. ಆದರೆ ಅದು ಸುಳ್ಳು. ಅಕ್ಕೋರಿಗೆ ತಾಳ್ಮೆ ಇರಲಿಲ್ಲ, ಸುಸ್ತು ಇತ್ತು. ದೂರದಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಹದಿಮೂರು ವರ್ಷದ ಪರಿಚಯದಲ್ಲಿ ನಾನು ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ನಾನು ಹೊನ್ನಾವರದ ಶಾಲೆಗೆ ಬಂದಾಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಅಕ್ಕೋರು ಆಗಲೇ ಆ ಶಾಲೆಯ ಹಳಬರು. ಕುಳ್ಳಗಿನ ಹೆಂಗಸು, ಸಣ್ಣ ಅಂಚಿನ ಬಿಳಿ ಸೀರೆ, ಮಳೆ ಇರಲಿ ಬಿಸಿಲಿರಲಿ ಕಂಕುಳಲ್ಲಿ ಕೊಡೆ. ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ, "ಹೋತು, ಮತ್ತೊಂದು ದಿನ" ಎನ್ನುತ್ತ ತರಗತಿಗೆ ಹೋಗುತ್ತಿದ್ದರು. ದಿನ ಶುರುವಾಗುವ ಮೊದಲೇ ಅದು ಹೋದಂತೆ! ಸಂಜೆ ಬರುವಾಗ ಒಂದೇ ಮಾತು: "ಸಾಕಾತು ಮಾಸ್ತರೇ." ಸಾಕಾಯಿತು ಎಂದವರು ಮನೆಗೆ ಹೋಗಬೇಕಲ್ಲ? ಇಲ್ಲ. ಓದಲು ಬಾರದ ನಾಲ್ಕು ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಕತ್ತಲಾಗುವ ತನಕ ಕಾಗುಣಿತ ತಿದ್ದಿಸುತ್ತಿದ್ದರು.

ಮಧ್ಯಾಹ್ನದ ಊಟವಾದ ಮೇಲೆ ನಾವು ಮಾಸ್ತರುಗಳೆಲ್ಲ ಬೆಂಚಿನ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದೆವು. ಹೆಡ್ ಮಾಸ್ತರರದ್ದಂತೂ ಗೊರಕೆಯೇ. ಅಕ್ಕೋರು ಮಾತ್ರ ಜಗಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ನಾನು ತೂಕಡಿಸಿದರೆ ಕೊಡೆಯ ತುದಿಯಿಂದ ಬೆಂಚು ತಟ್ಟಿ, "ಏಳಿ ಮಾಸ್ತರೇ, ಹೊರಗೆ ಮಕ್ಕಳಿದ್ದಾವೆ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳಿದ್ದರೆ ಏನು, ಹುಲಿ ಬಂದು ಹೊತ್ತುಕೊಂಡು ಹೋಗುತ್ತದೆಯೇ ಎಂದು ಒಂದು ದಿನ ಹೇಳಿಯೂಬಿಟ್ಟೆ. ಅವರು ನನ್ನನ್ನೇ ನೋಡಿ ಮತ್ತೆ ನಡೆಯತೊಡಗಿದರು. ಆ ನೋಟದ ಅರ್ಥ ತಿಳಿಯಲು ನನಗೆ ವರ್ಷದ ಮೇಲೆಯೇ ಬೇಕಾಯಿತು.

ಅವರ ಗಂಡ ಬೊಂಬಾಯಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ಆಯುಷ್ಯವೆಲ್ಲ ಅಲ್ಲಿ ಕಳೆದು, ಕೆಮ್ಮು ಹಿಡಿಸಿಕೊಂಡು ಊರಿಗೆ ಬಂದು, ನಾನು ಶಾಲೆಗೆ ಸೇರಿದ ಮರುವರ್ಷ ತೀರಿಕೊಂಡರು. ಶಾಲೆಯಲ್ಲಿ ಒಂದು ಸಂತಾಪ ಸಭೆಯಾಗಬೇಕೆಂದು ಹೆಡ್ ಮಾಸ್ತರರು ಹೇಳಿದರು. ಅಕ್ಷರ ಚೆನ್ನಾಗಿದೆಯೆಂದು ಕರಿಹಲಗೆಯ ಮೇಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಜಿಲ್ಲೆ ಮೈಸೂರಿಗೆ ಸೇರಿದ್ದರೂ ನಮ್ಮ ಬರವಣಿಗೆ ಇನ್ನೂ ಮುಂಬಯಿಯಲ್ಲೇ ಇತ್ತು. ಬದುಕಿರುವ ಚಿಕ್ಕವರ ಹೆಸರಿನ ಹಿಂದೆ ಚಿರಂಜೀವಿ ಎಂಬ ಅರ್ಥದಲ್ಲಿ 'ಚಿ.' ಎಂದು ಬರೆಯಬೇಕು, ಸತ್ತವರ ಹೆಸರಿನ ಹಿಂದೆ ಕೈಲಾಸವಾಸಿ ಎಂಬ ಅರ್ಥದಲ್ಲಿ 'ಕೈ.' ಎಂದು ಬರೆಯಬೇಕು. ಸಣ್ಣವನಿದ್ದಾಗಿನಿಂದ ಕೈಗೆ ಅಂಟಿದ ಅಭ್ಯಾಸ. ನಾನು ಬಣ್ಣದ ಸೀಮೆಸುಣ್ಣದಲ್ಲಿ 'ಕೈ.' ಎಂದು ದುಂಡಗೆ ಬರೆದು, ಅದರ ಮುಂದೆ ಅಕ್ಕೋರ ಗಂಡನ ಉದ್ದನೆಯ ಪೋರ್ತುಗೀಸ್ ಹೆಸರನ್ನು ಸೇರಿಸಿದೆ. ಯಾರಿಗೂ ಏನೂ ಅನಿಸಲಿಲ್ಲ. ಭಾಷಣಗಳಾದವು, ಎರಡು ನಿಮಿಷ ನಿಂತೆವು, ಮಕ್ಕಳು ರಜೆ ಸಿಕ್ಕಿತೆಂದು ಓಡಿದವು.

ಒಂಬತ್ತು ದಿನ ಬಿಟ್ಟು ಅಕ್ಕೋರು ಕೆಲಸಕ್ಕೆ ಬಂದರು. ಹಲಗೆಯ ಮೇಲೆ ಆ ಬರಹ ಹಾಗೆಯೇ ಇತ್ತು. ಅವರು ಓದಿದರು. ಬಟ್ಟೆ ತೆಗೆದುಕೊಂಡು ಮೊದಲಿನ ಆ ಒಂದಕ್ಷರವನ್ನು ಮಾತ್ರ ಒರೆಸಿದರು.

"ಕೈಲಾಸಕ್ಕೆ ಅವರನ್ನು ಯಾರು ಒಳಗೆ ಬಿಡ್ತಾರೆ ಮಾಸ್ತರೇ? ಬಿಟ್ಟರೂ ಅವರು ನಿಲ್ಲೂದಿಲ್ಲ. ಅಲ್ಲಿ ಮೀನು ಸಿಕ್ಕೂದಿಲ್ಲ."

ನಾನು ನಾಚಿ ನೀರಾದೆ. ಹೆಡ್ ಮಾಸ್ತರರು ನಡುವೆ ಬಂದು, "ಹಾಗಾದರೆ ಸ್ವರ್ಗವಾಸಿ ಅಂತ ಬರೆಯುವನಾ ಅಕ್ಕೋರೇ?" ಎಂದು ಕೇಳಿದರು.

"ಅದೂ ಈಗಲೇ ಬೇಡ. ತಲುಪಿದ್ರೋ ಇಲ್ವೋ ಯಾರಿಗೆ ಗೊತ್ತು. ದಾರಿ ಮೇಲೆ ಇದ್ದಾರು. ನಾವು ಇಲ್ಲಿಂದ ಪ್ರಾರ್ಥನೆ ಮಾಡಿ ಮಾಡಿ ದೂಡಬೇಕು. ಬೊಂಬಾಯಿಗೆ ಹೋಗೂಕೂ ಅವರನ್ನು ನಾನೇ ದೂಡಬೇಕಿತ್ತು."

ಗಂಡ ಸತ್ತು ಒಂಬತ್ತು ದಿನವಾದ ಹೆಂಗಸು ಹೀಗೆ ಮಾತಾಡುವುದೇ ಎಂದು ನಮಗೆಲ್ಲ ಕಸಿವಿಸಿಯಾಯಿತು. ನಮ್ಮ ಮನೆಗಳಲ್ಲಿ ಸತ್ತವರ ಸುದ್ದಿ ಬಂದರೆ ಧ್ವನಿ ಇಳಿಸುತ್ತೇವೆ. ಅಕ್ಕೋರು ಗಂಡ ಮುಂದಿನ ಬಸ್ಸಿಗೆ ಹೋದಂತೆ, ತಾವು ಅದರ ಹಿಂದಿನ ಬಸ್ಸಿಗೆ ಹೊರಡುವವರಂತೆ ಮಾತಾಡುತ್ತಿದ್ದರು. ಅವರಿಗೆ ದುಃಖವೇ ಇಲ್ಲವೆಂದು ಶಾಲೆಯಲ್ಲಿ ಒಂದಿಬ್ಬರು ಆಡಿಕೊಂಡರು. ಸುಳ್ಳೇಕೆ ಹೇಳಲಿ, ನಾನೂ ಆಡಿಕೊಂಡೆ.

ಕ್ರಿಶ್ಚನ್ನರಿಗೆ ನವೆಂಬರಿನ ಮೊದಲ ವಾರದಲ್ಲಿ ಸತ್ತವರ ದಿನ ಬರುತ್ತದೆ. ಮಳೆಗಾಲದ ಹುಲ್ಲು ಕೆತ್ತಿ, ಗೋರಿಗಳಿಗೆ ಸುಣ್ಣ ಹೊಡೆದು, ಗೊಂಡೆ ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಪಾದ್ರಿಗಳು ಸಾಲುಸಾಲಾಗಿ ತೀರ್ಥ ಚಿಮುಕಿಸಿಕೊಂಡು ಹೋಗುತ್ತಾರೆ. ಆ ವರ್ಷ ಅಂದು ಸಂಜೆ ನಾನು ಶಾಲೆಯಿಂದ ಸಿಮಿತ್ರಿಯ ಹಿಂಬದಿಯ ಕಾಲುದಾರಿಯಲ್ಲಿ ಬರುತ್ತಿದ್ದೆ. ಒಳಗೆ ಜಾತ್ರೆಯಂತೆ ದೀಪ, ಜನ, ಹಾಡು. ಪಾಗಾರದ, ಅಂದರೆ ಸಿಮಿತ್ರಿಯ ಸುತ್ತುಗೋಡೆಯ, ಹೊರಗೆ, ಮುಳ್ಳುಗಿಡಗಳ ನಡುವೆ, ಅಕ್ಕೋರು ಒಬ್ಬರೇ ಬಗ್ಗಿ ನಿಂತಿದ್ದರು. ಹೊಳೆಯ ಗಾಳಿಗೆ ಬತ್ತಿ ಆರಿಹೋಗುತ್ತಿತ್ತು. ಅವರು ಒಂದು ಕರಟವನ್ನು ಅಡ್ಡ ಇಟ್ಟು ಮತ್ತೆ ಮತ್ತೆ ಕಡ್ಡಿ ಗೀರುತ್ತಿದ್ದರು.

"ಅಕ್ಕೋರೇ, ನಿಮ್ಮವರ ಗೋರಿ ಒಳಗಲ್ಲವಾ? ಇಲ್ಲಿ ಯಾರಿಗೆ?" ಎಂದೆ. ಎಂಥ ಪೆದ್ದ ನಾನು.

"ಒಳಗಿನವರಿಗೆ ಹಚ್ಚಿ ಆತು. ಇದು ನನ್ನ ಮಗಳಿಗೆ" ಎಂದರು.

ಅವರಿಗೆ ಮಕ್ಕಳಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಗಾಳಿಗೆ ಅಡ್ಡ ನಿಲ್ಲಲು ಹೇಳಿ, ಬತ್ತಿ ಹೊತ್ತಿಕೊಂಡ ಮೇಲೆ ಅವರು ಹೇಳಿದ್ದು ಇಷ್ಟು.

ಮದುವೆಯಾಗಿ ಮೂರನೆಯ ವರ್ಷ. ಬಾಣಂತನಕ್ಕೆ ಹೊಳೆಯಾಚೆ ಕಾಸರಕೋಡಿನ ತವರುಮನೆಗೆ ಹೋಗಿದ್ದರು. ಈಗಿನಂತೆ ಆಗಲೂ ಸೇತುವೆಯಿಲ್ಲ, ದಾಟಲು ತಾರಿಯ ದೋಣಿಯೇ ಗತಿ. ಜುಲೈ ತಿಂಗಳ ಮಳೆಗೆ ಹೊಳೆ ಉಕ್ಕಿ ತಾರಿ ನಿಂತಿತ್ತು. ಇಗರ್ಜಿಯೂ ಪಾದ್ರಿಗಳೂ ಈಚೆ ದಡದಲ್ಲಿ. ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು.

"ಚೆನ್ನಾಗೇ ಅತ್ತಳು ಮಾಸ್ತರೇ. ಸೂಲಗಿತ್ತಿ ಮೈ ತೊಳೆದು ನನ್ನ ಮಗ್ಗುಲಲ್ಲಿ ಮಲಗಿಸಿ ಹೋದ್ಲು. ಸ್ವಲ್ಪ ಹೊತ್ತಿಗೆ ತುಟಿ ನೀಲಿ ಆತು. ನಂಗೆ ಗೊತ್ತಾತು. ನಮ್ಮಲ್ಲಿ ಜ್ಞಾನಸ್ನಾನ ಆಗದೆ ಸತ್ತ ಮಗುವನ್ನು ಒಳಗೆ ಹೂಳೂದಿಲ್ಲ. ಆದ್ರೆ ಪಾದ್ರಿಯೇ ಬೇಕಂತಿಲ್ಲ. ಜೀವ ಹೋಗೂ ಹೊತ್ತಲ್ಲಿ ಯಾರು ಬೇಕಾದ್ರೂ ತಲೆ ಮೇಲೆ ನೀರು ಹಾಕಿ ಎರಡು ಮಾತು ಹೇಳಬಹುದು. ನಿಮ್ಮಂಥವರೂ ಹೇಳಬಹುದು. ಅದನ್ನು ಇಗರ್ಜಿಯಲ್ಲಿ ಸಣ್ಣ ಹುಡುಗಿಯರಿಗೆ ಬಾಯಿಪಾಠ ಮಾಡಿಸ್ತಿದ್ದವಳೇ ನಾನು. ನೀರಿನ ತಂಬಿಗೆ ತಲೆದೆಸೆಯಲ್ಲೇ ಇತ್ತು."

"ಮತ್ತೆ?"

"ಹೆಸರು ಬಂದಿರ್ಲಿಲ್ಲ. ಅವರು ಬೊಂಬಾಯಿಂದ ಕಾಗದದಲ್ಲಿ ಬರೀತೆ ಅಂದಿದ್ರು. ಹೆಸರಿಲ್ದೆ ನೀರು ಹಾಕಿದ್ರೆ ಅರ್ಧಂಬರ್ಧ ಆಗ್ತದೆ ಅಂತ ನಂಗೆ ಕಂಡಿತು. ಸ್ವಲ್ಪ ತಡೆಯುವ, ಮಳೆ ಬಿಟ್ಟರೆ ತಾರಿ ಶುರು ಆಗ್ತದೆ, ಪಾದ್ರಿ ಬರ್ತಾರೆ, ಎಲ್ಲ ಸರಿಯಾಗಿ ಮಾಡುವ ಅಂತ. ಅವಳ ಮುಖ ನೋಡ್ತಾ ನೋಡ್ತಾ... ಎರಡು ದಿನದಿಂದ ನೋವು ತಿಂದವಳು, ಸುಸ್ತಾಗಿತ್ತು. ಕಣ್ಣು ಮುಚ್ಚಿ ಹೋತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ನಂಗೆ ಎಚ್ಚರಾದಾಗ ಮಳೆ ನಿಂತಿತ್ತು."

ಮರುದಿನ ನೀರು ಇಳಿದ ಮೇಲೆ ಅವರ ಅಣ್ಣ ಮಗುವನ್ನು ಚಹಾಪುಡಿಯ ಮರದ ಪೆಟ್ಟಿಗೆಯಲ್ಲಿಟ್ಟು ಹೊಳೆ ದಾಟಿಸಿ ಪಾಗಾರದ ಹೊರಗೆ ಹೂತು ಬಂದರು. ಬೊಂಬಾಯಿಯ ಕಾಗದ ಎಂಟು ದಿನಕ್ಕೆ ಬಂತು. ಅದರಲ್ಲಿ ಹೆಸರಿತ್ತು. "ಚೆಂದದ ಹೆಸರೇ" ಎಂದರು ಅಕ್ಕೋರು. ಯಾವ ಹೆಸರೆಂದು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಜಗಲಿಯಲ್ಲಿ ನನ್ನನ್ನು ಯಾಕೆ ಎಬ್ಬಿಸುತ್ತಿದ್ದರೆಂದು ಆಗ ತಿಳಿಯಿತು. ಹುಲಿಯ ಮಾತಾಡಿದ ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು.

ನಮ್ಮಲ್ಲಿಯೂ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತೇವೆ, ಅದಕ್ಕೆ ತಿಥಿಯೂ ಇಲ್ಲ ಎಂದೆ. ನನಗಿಂತ ಮೊದಲು ಹುಟ್ಟಿ ಹೋದದ್ದೊಂದನ್ನು ಹಳದೀಪುರದ ನಮ್ಮ ತೆಂಗಿನ ಹಿತ್ತಲಲ್ಲೇ ಹೂತಿದ್ದಾರೆ ಎಂದೆ.

"ಯಾವ ಮರದ ಬುಡದಲ್ಲಿ ಅಂತ ನಿಮ್ಮ ಆಯಿಗೆ ಗೊತ್ತಿದ್ಯಾ?"

"ಗೊತ್ತು. ಆ ಮರದ ಕಾಯಿ ಅವಳು ಅಡುಗೆಗೆ ತಗೊಳ್ಳುವುದಿಲ್ಲ."

ಅಕ್ಕೋರು ತಲೆಯಾಡಿಸಿದರು. ಆಮೇಲೆ ತಾವಾಗಿಯೇ ಹೇಳಿದರು: "ಅವರು ಸತ್ತಾಗ ನಾ ಅಳ್ಲಿಲ್ಲ ಅಂತ ನೀವೆಲ್ಲ ಮಾತಾಡ್ಕಂಡ್ರಿ, ನಂಗೆ ಗೊತ್ತು. ಅವರನ್ನು ನಾ ಮತ್ತೆ ಕಾಣ್ತೆ ಮಾಸ್ತರೇ. ನಂಬಿಕೆ ಅಂದ್ರೆ ಅದೇ. ಕಡೇ ದಿನ ದೇವರು ಕರೆದಾಗ ಈ ಪಾಗಾರದ ಒಳಗಿದ್ದವರೆಲ್ಲ ಮಣ್ಣು ಕೊಡವಿ ಏಳ್ತಾರೆ. ಅಪ್ಪ, ಆಯಿ, ಅವರು, ಎಲ್ಲ. ಇವಳನ್ನು ಕರೆಯೂದಿಲ್ವಂತೆ. ಲಿಂಬೊ ಅಂತ ಬೇರೆ ಜಾಗ ಇದ್ಯಂತೆ. ಅಲ್ಲಿ ನೋವಿಲ್ಲ, ಹಸಿವಿಲ್ಲ ಅಂತಾರೆ ಪಾದ್ರಿ. ಆದ್ರೆ ನಾ ಅಲ್ಲಿ ಹೋಗೂಕಾಗೂದಿಲ್ಲ, ಅವಳು ಇಲ್ಲಿ ಬರೂಕಾಗೂದಿಲ್ಲ. ಅವಳಿಲ್ದೆ ನಾ ಎದ್ದು ಮಾಡೂದೆಂತ?"

ಸತ್ತ ಮೇಲೂ ಕಾಣುತ್ತೇವೆ ಎಂಬ ನಂಬಿಕೆ ಇರುವವರಿಗೆ ದುಃಖ ಕಡಿಮೆ ಎಂದುಕೊಂಡಿದ್ದವನು ನಾನು. ಆ ನಂಬಿಕೆ ಗಟ್ಟಿಯಾಗಿದ್ದುದರಿಂದಲೇ ಈ ಹೆಂಗಸಿನ ಸಂಕಟಕ್ಕೆ ಕೊನೆಯಿಲ್ಲದೆ ಹೋಗಿತ್ತು.

ಮುಂದಿನ ಮಳೆಗಾಲದಲ್ಲಿ ಹೊಳೆಬದಿಯ ಪಾಗಾರ ಕುಸಿದು ಬಿತ್ತು. ಚಿರೆಕಲ್ಲು ತರಿಸಿ ಹೊಸದಾಗಿ ಕಟ್ಟುತ್ತಾರೆಂಬ ಸುದ್ದಿ ಬಂದ ಮರುದಿನವೇ ಅಕ್ಕೋರು ನನ್ನ ಮೇಜಿನ ಮುಂದೆ ನಿಂತರು.

"ಮಾಸ್ತರೇ, ಒಂದು ಅರ್ಜಿ ಬರೀಬೇಕು. ಕಟ್ಟೂದು ಹೇಗೂ ಕಟ್ತಾರೆ. ನಾಲ್ಕು ಮಾರು ಆಚೆ ಸರಿಸಿ ಕಟ್ಟಿದ್ರೆ ಅವಳೂ ಒಳಗೆ ಬರ್ತಾಳೆ."

ಪಾದ್ರಿಗಳಿಗೆ ಬಾಯಿಮಾತಲ್ಲೇ ಹೇಳಬಹುದಲ್ಲ ಎಂದೆ. ಬಾಯಲ್ಲಿ ಹೇಳಿದರೆ ತಾನು ಅತ್ತುಬಿಡುತ್ತೇನೆ, ಅತ್ತವರ ಮಾತನ್ನು ಗಂಡಸರು ಸಮಾಧಾನ ಮಾಡಿ ಮುಗಿಸುತ್ತಾರೆ, ಕಾಗದಕ್ಕಾದರೆ ಉತ್ತರ ಕೊಡಬೇಕಾಗುತ್ತದೆ ಎಂದರು. ಸರಿ, ಬರೆದೆ. 'ವಿಜ್ಞಾಪನೆ ಏನಂದರೆ' ಎಂದು ಶುರುಮಾಡಿ, ನನಗೆ ಗೊತ್ತಿದ್ದ ಕಚೇರಿ ಭಾಷೆಯನ್ನೆಲ್ಲ ಅದಕ್ಕೆ ಸುರಿದೆ. 'ಸದರಿ ಸ್ಥಳದಲ್ಲಿ ಹೂಳಲ್ಪಟ್ಟಿರುವ ಅರ್ಜಿದಾರಳ ಮಗಳು' ಎಂಬಲ್ಲಿಗೆ ಬಂದಾಗ ಮಗಳ ಹೆಸರು ಬರಬೇಕು. ಲೇಖನಿ ನಿಲ್ಲದೆ ಓಡುತ್ತಿತ್ತು. ಸಣ್ಣ ಮಗು ಅಂದಕೂಡಲೇ ಕೈ ತನ್ನ ಪಾಡಿಗೆ ತಾನು 'ಚಿ.' ಎಂದು ಬರೆದುಬಿಟ್ಟಿತು. ಅದರ ಮುಂದೆ ಏನೂ ಇಲ್ಲ, ಬರಿದೇ ಜಾಗ.

ಅಯ್ಯೋ ರಾಮ! ಕೈಲಾಸವಾಸಿಯ ಪೆಟ್ಟು ಇನ್ನೂ ಮರೆತಿರಲಿಲ್ಲ, ಈಗ ಸತ್ತ ಕೂಸಿಗೆ ಚಿರಂಜೀವಿ. ನಾನು ಗಡಬಡಿಸಿ ಅದನ್ನು ಹೊಡೆದುಹಾಕಲು ಹೋದೆ. ಅಕ್ಕೋರು ಆ ಅಕ್ಷರದ ಮೇಲೆ ಬೆರಳಿಟ್ಟರು.

"ತಪ್ಪಾಯಿತು ಅಕ್ಕೋರೇ, ಅಭ್ಯಾಸಬಲ."

"ಇರ್ಲಿ."

"ಪಾದ್ರಿಗಳು ಓದಿದರೆ ಏನೆಂದಾರು?"

"ಇರ್ಲಿ ಅಂದೆನಲ್ಲ. ಅದೊಂದು ನೀವು ಸರಿಯಾಗಿ ಬರೆದದ್ದು. ಮೇಲಿಂದ ಕೆಳಗೆ ಉಳಿದದ್ದೆಲ್ಲ ಯಾರಿಗೂ ಅರ್ಥ ಆಗೂದಿಲ್ಲ."

ಅರ್ಜಿಯನ್ನು ಇಬ್ಬರೂ ಹೋಗಿ ಕೊಟ್ಟೆವು. ಪಾದ್ರಿಗಳು ವಯಸ್ಸಾದವರು, ದಮ್ಮಿನ ರೋಗದವರು, ಊರಿಗೆಲ್ಲ ಬೇಕಾದವರು. ಕನ್ನಡಕ ಏರಿಸಿ ಎರಡು ಸಲ ಓದಿದರು. 'ಚಿ.' ಎಂಬಲ್ಲಿ ಅವರ ಬೆರಳು ನಿಂತದ್ದನ್ನು ನಾನು ಕಂಡೆ. "ಕಲ್ಲು ಸರಿಸುವುದು ಸುಲಭ ಟೀಚರ್. ನನ್ನ ಹತ್ತಿರ ಇರುವುದು ಕಲ್ಲು ಮಾತ್ರ. ನಿಯಮ ಮಾಡಿದವನು ನಾನಲ್ಲ" ಎಂದರು. ಹೇಳುವಾಗ ಅವರಿಗೂ ಕಣ್ಣು ತುಂಬಿತ್ತು. ಅರ್ಜಿಯನ್ನು ಮಡಚಿ ಡ್ರಾವರಿನಲ್ಲಿಟ್ಟರು. ಪಾಗಾರ ಹಳೆಯ ಪಾಯದ ಮೇಲೆಯೇ ಎದ್ದಿತು. ಬರುವಾಗ ನಾನು ಪಾದ್ರಿಗಳನ್ನು ಬಯ್ಯಲು ಶುರುಮಾಡಿದೆ. ಅಕ್ಕೋರು ತಡೆದು, "ಅವರಿಗೆ ಹಾಗೆ ಕಲಿಸಿದ್ದಾರೆ, ಅವರು ಹಾಗೆ ಒಪ್ಪಿಸ್ತಾರೆ. ನಂಗೂ ಕಲಿಸಿದ್ರು, ನಂಗೆ ಬೇಕಾದಾಗ ಬರ್ಲಿಲ್ಲ. ನಡೀರಿ, ಸಾಕಾತು" ಎಂದರು.

ಅದರ ಮರುವರ್ಷ ಅವರಿಗೆ ಭಟ್ಕಳ ತಾಲೂಕಿನ ಬೆಳಕೆಗೆ ವರ್ಗವಾಯಿತು. ನನ್ನನ್ನು ಕುಮಟೆಗೆ ಎಸೆದರು. ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಬಸ್ಸು ಹಿಡಿದು, ತಾರಿ ದಾಟಿ, ಹೊನ್ನಾವರದ ಮನೆಗೆ ಬಂದು, ಭಾನುವಾರ ಪೂಜೆ ಮುಗಿಸಿಕೊಂಡು ಮತ್ತೆ ಹೊರಡುತ್ತಿದ್ದರಂತೆ. ಆ ಓಡಾಟ ಐದು ವರ್ಷ. ಒಮ್ಮೆ ಪರೀಕ್ಷೆಯ ಕೆಲಸಕ್ಕೆ ನಾನು ಆ ಕಡೆ ಹೋದಾಗ ಅವರ ಬಿಡಾರಕ್ಕೆ ಹೋದೆ. ಜಗಲಿಯಲ್ಲಿ ಊರ ಸೂಲಗಿತ್ತಿ ಮಾದೇವಿ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ಅಕ್ಕೋರು ಅವಳಿಗೆ ಪಾಠ ಹೇಳುತ್ತಿದ್ದರು.

"ಇನ್ನೊಂದು ಸಲ ಹೇಳು. ನೀರು ಹಾಕ್ತಾ ಹೇಳಬೇಕು."

"ಪಿತನ, ಸುತ್ತನ..."

"ಸುತ್ತನ ಅಲ್ಲ, ಸುತನ. ಮಗ ಅಂತ ಅರ್ಥ."

"ಮಗ ಅಂದ್ರೆ ಮಗ ಅಂತ್ಲೇ ಹೇಳೂಕಾಗೂದಿಲ್ವೇ ಅಕ್ಕೋರೇ? ನನ್ನ ನಾಲಗೆ ಹೊರಳೂದಿಲ್ಲ."

ಅಕ್ಕೋರು ಒಂದು ಗಳಿಗೆ ಯೋಚಿಸಿ, "ಆತು, ಮಗ ಅಂತ್ಲೇ ಹೇಳು" ಎಂದರು. ಆ ಸುತ್ತಿನಲ್ಲಿ ನಾಲ್ಕೈದು ಕ್ರಿಶ್ಚನ್ ಮನೆಗಳು, ಪಾದ್ರಿ ಬರಬೇಕಾದರೆ ಅರ್ಧ ದಿನ. ತಾವು ಹೋದಲ್ಲೆಲ್ಲ ಸೂಲಗಿತ್ತಿಯರನ್ನು ಹುಡುಕಿ ಹೀಗೆ ಮಗ್ಗಿಯಂತೆ ಕಲಿಸಿಡುವುದು ಅವರ ಕೆಲಸವಾಗಿಬಿಟ್ಟಿತ್ತು. ಹೆಸರು ಗೊತ್ತಿಲ್ಲದಿದ್ದರೆ ಕಾಯಬೇಡ, ಬಾಯಿಗೆ ಬಂದದ್ದು ಇಡು ಎಂಬುದು ಅದರಲ್ಲಿ ಮುಖ್ಯವಾದ ಪಾಠ. ಕೆಲವು ತಿಂಗಳ ಮೇಲೆ ಮಾದೇವಿ ಒಂದು ಮಧ್ಯಾಹ್ನ ಏದುಸಿರು ಬಿಡುತ್ತ ಶಾಲೆಗೇ ಬಂದಳಂತೆ. "ಅಕ್ಕೋರೇ, ಕೂಸು ನೀಲಿ ಆತು ಅಂತ ನೀರು ಹಾಕಿ ಎಲ್ಲ ಹೇಳ್ದೆ. ಈಗ ಅದು ಸಾಯ್ಲೇ ಇಲ್ಲ! ಹೊಟ್ಟೆತುಂಬ ಹಾಲು ಕುಡೀತದೆ. ನಾ ಈಗ ಎಂತ ಮಾಡೂದು?" ಮುಂದೊಮ್ಮೆ ಸಿಕ್ಕಾಗ ಇದನ್ನು ಹೇಳುತ್ತ ಅಕ್ಕೋರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಿವೃತ್ತಿಯಾಗಿ ಹೊನ್ನಾವರದಲ್ಲಿ ನೆಲೆಸಿದ ಮೇಲೆ ಅವರ ಆರೋಗ್ಯ ಕೆಟ್ಟಿತು. ಕಾಲು ಊದುತ್ತಿತ್ತು, ಎರಡು ಹೆಜ್ಜೆಗೆ ಒಮ್ಮೆ ನಿಲ್ಲಬೇಕಿತ್ತು. ಇಗರ್ಜಿಯಲ್ಲಿ ಲ್ಯಾಟಿನ್ ಹೋಗಿ ಜನರ ಭಾಷೆಯಲ್ಲಿ ಪೂಜೆ ಶುರುವಾದ ಕಾಲ ಅದು. ಒಂದೂವರೆ ವರ್ಷದ ಹಿಂದೆ ನನಗೊಂದು ಕಾರ್ಡು ಬಂತು. 'ಹೊಸ ಪಾದ್ರಿ ಬಂದಿದ್ದಾರೆ. ಶನಿವಾರ ಬನ್ನಿ. ಅರ್ಜಿ ಬರೆದವರು ನೀವು, ಉತ್ತರವನ್ನೂ ಕೇಳಿ ಹೋಗಿ' ಎಂದಿತ್ತು.

ಹೋದಾಗ ಅವರ ಮನೆಯ ಹೊರಕೋಣೆಯಲ್ಲಿ ಮೂವತ್ತು ದಾಟಿರದ ಪಾದ್ರಿಯೊಬ್ಬರು ಕೂತಿದ್ದರು. ಹಳೆಯ ಡ್ರಾವರು ಖಾಲಿ ಮಾಡುವಾಗ ನನ್ನ ಅರ್ಜಿ ಅವರ ಕೈಗೆ ಸಿಕ್ಕಿತ್ತು. ಅವರು ಮೆಲ್ಲಗೆ ಹೇಳಿದರು. ಅಪ್ಪ ಅಮ್ಮ ಜ್ಞಾನಸ್ನಾನ ಕೊಡಿಸಬೇಕೆಂದಿದ್ದು, ಅಷ್ಟರೊಳಗೆ ತೀರಿಕೊಂಡ ಕೂಸುಗಳಿಗಾಗಿಯೂ ಈಗ ಪ್ರಾರ್ಥನೆ ಇದೆ. ಅವರನ್ನು ದೇವರ ದಯೆಗೆ ಒಪ್ಪಿಸಿ ಕಾಯಬಹುದು. ಪಾಗಾರ ಎಲ್ಲಿದೆ ಎಂದು ನೋಡಿ ಕರೆಯುವವನಲ್ಲ ದೇವರು. ತಾನೇ ಬಂದು ಆ ಜಾಗದಲ್ಲಿ ಪ್ರಾರ್ಥನೆ ಮಾಡುತ್ತೇನೆ ಎಂದರು.

ಅಕ್ಕೋರಿಗೆ ಸಂತೋಷವಾಗುತ್ತದೆ ಎಂದು ನಾನೂ ಕಾದೆ, ಆ ಹುಡುಗ ಪಾದ್ರಿಯೂ ಕಾದರು. ಅಕ್ಕೋರ ಮುಖ ಕೆಂಪಾಯಿತು.

"ಇಪ್ಪತ್ತೇಳು ವರ್ಷ ಫಾದರ್! ಇಪ್ಪತ್ತೇಳು ವರ್ಷ ನಾ ಹೊರಗೆ ನಿಂತು ಬತ್ತಿ ಹಚ್ಚಿದೆ. ಅವಳಿಗೆ ಕರೆ ಬರೂದಿಲ್ಲ ಅಂತ ನೀವೇ ಹೇಳಿದ್ರಿ, ನಿಮ್ಮ ಅಂಗಿ ಹಾಕ್ದವ್ರೇ. ಈಗ ಬರ್ತದೆ ಅಂತ ಹೇಳ್ತ್ರಿ. ದೇವರು ಆಗಲೂ ದಯೆ ಇದ್ದವನೇ ಆದ್ರೆ, ಇಷ್ಟು ವರ್ಷ ನನ್ನ ಸುಟ್ಟದ್ದು ಯಾರು?"

ಸಿಮಿತ್ರಿಯಲ್ಲಿ ತಾಳ್ಮೆಯ ಮಾತಾಡಿದ ಆ ಗುಮಾಸ್ತ ಈ ಸಿಟ್ಟನ್ನು ಕಂಡಿಲ್ಲ. ನಾನು ಕಂಡಿದ್ದೇನೆ. ಅದನ್ನು ಕೂಗಿ ಹೇಳಿ ಅವರು ಕುರ್ಚಿಯ ಕೈ ಹಿಡಿದುಕೊಂಡು ಏದುತ್ತಿದ್ದರು. ಪಾದ್ರಿ ತಲೆತಗ್ಗಿಸಿ, "ನನ್ನ ಹತ್ತಿರ ಉತ್ತರ ಇಲ್ಲ ಅಕ್ಕೋರೇ" ಎಂದರು. ಅವರೂ ಅಕ್ಕೋರೇ ಎಂದದ್ದು ನನಗೆ ಹಿಡಿಸಿತು. ಉಸಿರು ಹಿಡಿತಕ್ಕೆ ಬಂದ ಮೇಲೆ ಅಕ್ಕೋರು ಕೊಡೆ ಹುಡುಕತೊಡಗಿದರು. "ನಡೀರಿ. ತಡ ಆತು ಅಂತ ಬಿಡೂಕಾಗ್ತದಾ" ಎಂದರು.

ಅಲ್ಲಿಗೆ ತಲುಪಲು ನಮಗೆ ಅರ್ಧ ತಾಸು ಬೇಕಾಯಿತು. ನಾನು ಒಂದು ರಟ್ಟೆ ಹಿಡಿದಿದ್ದೆ, ಪಾದ್ರಿ ಇನ್ನೊಂದು. ನಾಲ್ಕು ಗಂಟೆಯ ಬಿಸಿಲು ಪಾಗಾರದ ಮೇಲೆ ಬಿದ್ದಿತ್ತು. ಹುಲ್ಲಿನಲ್ಲಿ ಯಾವ ಗುರುತೂ ಇಲ್ಲ, ಆದರೆ ಅಕ್ಕೋರು ಒಂದು ಹೆಜ್ಜೆಯೂ ಹುಡುಕಲಿಲ್ಲ, ನೇರವಾಗಿ ಹೋಗಿ ನಿಂತರು. ಪಾದ್ರಿ ಪುಸ್ತಕ ತೆರೆದರು. ಓದತೊಡಗುವ ಮೊದಲು, "ಮಗುವಿನ ಹೆಸರು ಹೇಳಬೇಕು. ಇಲ್ಲಿ ಹೆಸರು ಸೇರಿಸಿ ಓದುವುದಿದೆ" ಎಂದರು.

ನಾನು ಕಿವಿ ನಿಮಿರಿಸಿದೆ. ಬೊಂಬಾಯಿಯ ಕಾಗದದಲ್ಲಿ ಬಂದ ಹೆಸರನ್ನು ಅಂತೂ ಇಂದು ಕೇಳುತ್ತೇನೆ ಎಂದುಕೊಂಡೆ.

"ಬಾಯ್" ಎಂದರು ಅಕ್ಕೋರು.

ಪಾದ್ರಿ ತಬ್ಬಿಬ್ಬಾದರು. ಕೊಂಕಣಿ ಮನೆಗಳಲ್ಲಿ ಯಾವ ಹೆಣ್ಣುಮಗುವನ್ನಾದರೂ ಮುದ್ದಿಗೆ ಕರೆಯುವುದು ಹಾಗೆ. ನಾವು ಪುಟ್ಟಿ ಎಂದಂತೆ. "ಅದು ಕರೆಯುವುದಾಯಿತು ಅಕ್ಕೋರೇ. ಇಡಬೇಕೆಂದುಕೊಂಡಿದ್ದ ಹೆಸರು?"

"ಅದು ಎಂಟು ದಿನ ಆದ್ಮೇಲೆ ಬಂದದ್ದು ಫಾದರ್. ಅವಳು ಅದನ್ನು ಕೇಳಲೇ ಇಲ್ಲ. ಈಗ ಆ ಹೆಸರು ಹಿಡಿದು ಕರೆದ್ರೆ ಬೇರೆ ಯಾರನ್ನೋ ಕರೀತಾರೆ ಅಂತ ಅವಳು ಏಳೂದೇ ಇಲ್ಲ. ನಾ ಅವಳ ಮುಖ ನೋಡ್ಕಂಡು ಬಾಯ್ ಅಂತ ಕರೆದಿದ್ದೆ. ಆಗ ಕಣ್ಣು ಬಿಟ್ಟಿದ್ಲು."

ಪಾದ್ರಿ ಪುಸ್ತಕದ ಮೇಲೆ ಬಗ್ಗಿ ಓದತೊಡಗಿದರು. ದಯಾಮಯನಾದ ತಂದೆಯೇ, ನಿನ್ನ ಮಗಳಾದ, ಎಂದು ಆ ಜಾಗಕ್ಕೆ ಬಂದಾಗ ಅವರು ಧ್ವನಿ ಇಳಿಸಿದರು. ಬಾಯ್ ಎಂಬುದು ಬರಿಯ ತುಟಿಯಲ್ಲೇ ಆಗಿಹೋಯಿತು. ಅಕ್ಕೋರು ಅವರ ತೋಳು ಮುಟ್ಟಿದರು.

"ಜೋರಾಗಿ ಹೇಳಿ ಫಾದರ್. ಅವಳು ಅದನ್ನು ಕೇಳಿದ್ದು ಒಂದೇ ಸಲ."